ಕಬ್ಬಿಣದ ಕೊಳವೆಗೂ ಪಿ.ವಿ.ಸಿ. ಕೊಳವೆಗೂ ಕೂಡಿಕೆ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಜಲಪಾತಕ್ಕೆ ನೆರೆಯದಾದ ಕೊಳ್ಳೇಗಾಲದ ಸೀಮೆಯಲ್ಲಿ, ಹನೂರು ತಾಲ್ಲೂಕಿನ ಬಂಡಳ್ಳಿ ಮೊದಲಾದ ಗ್ರಾಮಗಳಲ್ಲಿಯೂ ಈಗ ವಿದ್ಯುದ್ದೀಪಗಳು ಉರಿಯುತ್ತಿವೆ. ಆದರೆ ಬಹುದೂರದಿಂದ ಬಂದ ಈ ಶಕ್ತಿಯು ಮನೆಯ ಗೋಡೆಯಿಂದ ಕೊಟ್ಟಿಗೆಯವರೆಗಿನ ಕಡೆಯ ಹತ್ತು ಮೊಳದಲ್ಲಿಯೇ ಪ್ರಾಣಾಪಾಯವನ್ನುಂಟುಮಾಡುವ ಸಂಭವವುಂಟು.

ಮೀಟರಿನ ಬಳಿ ಮೊದಲು ಹಾಕಿಸಿದ್ದು ಕಬ್ಬಿಣದ ಕೊಳವೆ. ತರುವಾಯ ಕೊಟ್ಟಿಗೆಗೋ, ರೇಷ್ಮೆಹುಳುವಿನ ಮನೆಗೋ ತಂತಿಯನ್ನು ಮುಂದುವರಿಸುವಾಗ ಅಗ್ಗವಾದ ಪಿ.ವಿ.ಸಿ. ಕೊಳವೆ. ದನಗಳು ತಿಕ್ಕುವ, ಗಾಡಿ ತಗಲುವ ಸ್ಥಳದಲ್ಲಿ ಪುನಃ ಕಬ್ಬಿಣ. ಹೀಗೆ ಬೆರಸುವುದು ತಪ್ಪಲ್ಲ; ಒಂದರ ಬಾಯೊಳಗೆ ಇನ್ನೊಂದನ್ನು ತುರುಕಿ, ಟೇಪು ಸುತ್ತಿ ಬಿಡುವುದೇ ತಪ್ಪು.

ಇದಕ್ಕೆ ಕಾರಣಗಳು ಮೂರು. ಮೊದಲನೆಯದು, ಬಿಸಿಲು. ಮೂರು ಮೀಟರ್ ಉದ್ದದ ಪಿ.ವಿ.ಸಿ. ಕೊಳವೆಯು ಉಷ್ಣವು 30 ಡಿಗ್ರಿ ಏರಿದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ; ಕಬ್ಬಿಣವಾದರೋ ಸುಮಾರು 1 ಮಿಲಿಮೀಟರ್ ಮಾತ್ರ. ದಿನದಿನವೂ ಹಿಗ್ಗಿ ಕುಗ್ಗುವುದರಿಂದ ಟೇಪು ಸಡಿಲವಾಗಿ ಮಳೆಯ ನೀರು ಒಳಗಿಳಿಯುತ್ತದೆ. ಎರಡನೆಯದು, ಅಂಟು. ಪಿ.ವಿ.ಸಿ.ಗೆ ಹಚ್ಚುವ ಅಂಟು ಕಬ್ಬಿಣವನ್ನು ಹಿಡಿಯುವುದಿಲ್ಲ. ಮೂರನೆಯದೂ ಅತ್ಯಂತ ಗಂಡಾಂತರಕರವೂ ಆದದ್ದು ಅರ್ಥಿಂಗ್. ಪಿ.ವಿ.ಸಿ.ಯಲ್ಲಿ ವಿದ್ಯುತ್ತು ಹರಿಯದಾದ್ದರಿಂದ, ಅದರಾಚೆಗಿರುವ ಕಬ್ಬಿಣದ ತುಂಡಿಗೆ ಭೂಸಂಪರ್ಕವು ತಪ್ಪಿಹೋಗುತ್ತದೆ. ಕೊಳವೆಯ ಹರಿತವಾದ ಅಂಚಿಗೆ ತಂತಿಯ ಹೊದಿಕೆ ಸವೆದರೆ ಆ ತುಂಡೆಲ್ಲವೂ ವಿದ್ಯುನ್ಮಯವಾಗುವುದು. ಫ್ಯೂಸು ಮಾತ್ರ ಹೋಗದು. ಹಸುವನ್ನು ಕಟ್ಟಲು ಹೋದವನು ಒದ್ದೆಯ ಕೈಯಿಂದ ಅದನ್ನು ಮುಟ್ಟಿದಾಗಲೇ ದೋಷವು ತಿಳಿಯುವುದು.

ಆದಕಾರಣ ಎರಡು ಜಾತಿಯ ಕೊಳವೆಗಳನ್ನು ತಿರುಪಿನ ಸುತ್ತುಗಳುಳ್ಳ ಅಡಾಪ್ಟರಿನಿಂದಾಗಲಿ, ನೀರು ನುಗ್ಗದ ಜಂಕ್ಷನ್ ಬಾಕ್ಸಿನಿಂದಾಗಲಿ ಕೂಡಿಸತಕ್ಕದ್ದು. ನೀರಿನ ಕೊಳಾಯಿಯ ತುಂಡುಗಳನ್ನು ಇದಕ್ಕೆ ಉಪಯೋಗಿಸಕೂಡದು; ಅವುಗಳ ಸುತ್ತುಗಳೂ ಅಳತೆಯೂ ಬೇರೆ. ಕಬ್ಬಿಣವನ್ನು ಕೊಯ್ದ ಅಂಚನ್ನು ಅರದಿಂದ ಉಜ್ಜಿ ನುಣುಪುಮಾಡಿ ಬುಷ್ ಹಾಕಬೇಕು. ಕೊಳವೆಗಳು ಬಾಕ್ಸನ್ನು ಆದಷ್ಟೂ ಕೆಳಗಡೆಯಿಂದ ಸೇರಬೇಕು. ಉದ್ದವಾದ ಪಿ.ವಿ.ಸಿ. ಸಾಲಿನಲ್ಲಿ ಹಿಗ್ಗುವುದಕ್ಕೆ ಎಡೆಯಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಸಿರು ಹೊದಿಕೆಯ ಅರ್ಥಿಂಗ್ ತಂತಿಯನ್ನು ಮೊದಲಿನಿಂದ ಕೊನೆಯವರೆಗೂ ಹಾಯಿಸಿ, ಕಬ್ಬಿಣದ ಪ್ರತಿಯೊಂದು ತುಂಡಿಗೂ ಬಿಗಿಯತಕ್ಕದ್ದು. ಇದರೊಡನೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಹಾಕಿಸಿದಲ್ಲಿ, ಸೋರುವ ವಿದ್ಯುತ್ತು ಕ್ಷಣಮಾತ್ರದಲ್ಲಿ ಕಡಿದುಹೋಗುವುದು. ಆದರೆ ಅದು ಅರ್ಥಿಂಗಿಗೆ ಬದಲಾಗಲಾರದು.

ಇಷ್ಟಕ್ಕೆ ಖರ್ಚಾಗುವುದೆಂದು ಕೆಲವರು ಆಕ್ಷೇಪಿಸುವರು. ಒಂದು ಅಡಾಪ್ಟರಿನ ಬೆಲೆಯನ್ನು ಕರೆಯುವ ಹಸುವೊಂದರ ಬೆಲೆಯೊಡನೆ ಹೋಲಿಸಿದರೆ ಆಕ್ಷೇಪಣೆ ನಿಲ್ಲದು; ಮನುಷ್ಯನ ಪ್ರಾಣಕ್ಕಂತೂ ಬೆಲೆಯೇ ಇಲ್ಲ. ಕೊಳವೆಗೆ ಹಣ ಕೊಟ್ಟು ಕೂಡಿಕೆಯಲ್ಲಿ ಉಳಿಸುವುದು, ಏರಿಯನ್ನು ಕಟ್ಟಿಸಿ ತೂಬನ್ನು ಮರೆತಂತೆ.

ಮುಂಗಾರು ಹಿಡಿಯುವುದಕ್ಕೆ ಮೊದಲೇ ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಮನೆ ಕೊಟ್ಟಿಗೆಗಳ ಕೂಡಿಕೆಗಳನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದ, ಮೈನ್ ಸ್ವಿಚ್ಚನ್ನು ಆರಿಸಿ, ಪರೀಕ್ಷೆ ಮಾಡಿಸುವುದು ಯುಕ್ತ. ಅವರು ಮಾಡಿಸಿದುದನ್ನು ಕಂಡು ಉಳಿದ ರೈತರೂ ಮಾಡಿಸುವರು. ಟೇಪು ಸುತ್ತಿದ ಕೂಡಿಕೆಯೊಂದೂ ಊರಿನಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಮುಖಂಡತನಕ್ಕೆ ಒಪ್ಪುವ ಕಾರ್ಯವೇ ಸರಿ.