ಶುಕ್ರವಾರದ ಲೆಕ್ಕ: ಸ್ಪಿಯರ್‌ಗನ್ ತಗೊಳ್ಳೋ ಮುಂಚೆ

ಹೋದ ತಿಂಗಳು ಗ್ರಾಚುಯಿಟಿ ಲೆಕ್ಕ ಬರೆದಿದ್ದೆ. ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್ ಅಂತ ಬರೆದಿದ್ದಕ್ಕೆ "ಅಲೌನ್ಸ್ ಯಾಕೆ ಸೇರಲ್ಲ ಸಾರ್" ಅಂತ ಹನ್ನೊಂದು ಫೋನ್ ಬಂತು. ಹನ್ನೆರಡನೇದು ಮಾತ್ರ ಬೇರೆ. ಭಟ್ಕಳ ಕಡೆಯ ಹುಡುಗ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಸಿ ಟೆಕ್ನಿಷಿಯನ್. "ಅಣ್ಣಾ, ನೂರಾ ಹತ್ತು ಸೆಂಟಿಮೀಟರಿಂದು ಒಂದು ಸ್ಪಿಯರ್‌ಗನ್ ನೋಡಿದೀನಿ. ಅರ್ಧ ದುಡ್ಡು ಈಗ, ಅರ್ಧ ಮುಂದಿನ ಸಂಬಳಕ್ಕೆ ಅಂತಾನೆ. ತಗೊಳ್ಲಾ?"

ಅಕೌಂಟೆಂಟ್‌ಗೆ ಕೇಳೋ ಪ್ರಶ್ನೆಯಾ ಇದು ಅಂತ ನಿಮಗೆ ಅನಿಸಬಹುದು. ಆದರೆ ಅವನು ಕೇಳಿದ್ದು ಸರಿಯಾದವನ ಹತ್ತಿರಾನೇ. ಎಂಟು ವರ್ಷದ ಹಿಂದೆ ನಾನೂ ಒಂದು ತಗೊಂಡಿದ್ದೆ. ಕೆಲಸ ಬಿಟ್ಟು ಊರಿಗೆ ಹೊರಟಿದ್ದ ಒಬ್ಬ ಎಂಜಿನಿಯರ್ ಮಾರಿದ ಸೆಕೆಂಡ್ ಹ್ಯಾಂಡ್ ಗಾಳಿ ಗನ್. ನೋಡೋಕೆ ಜೇಮ್ಸ್ ಬಾಂಡ್ ಸಾಮಾನು. ಸಮುದ್ರಕ್ಕೆ ಇಳಿದು ಲೋಡ್ ಮಾಡೋಕೆ ಹೋದ್ರೆ ಈಟಿ ಅರ್ಧ ಒಳಗೆ ಹೋಗಿ ನಿಂತಿತು. ಮೂರು ಜನ ಸೇರಿ ಒತ್ತಿದ್ವಿ, ಆಗಲಿಲ್ಲ. ಮುಂದಿನ ವಾರ ಅದರ ವಾಷರ್ ಸೋರಿ ಗಾಳಿಯೇ ನಿಲ್ಲಲಿಲ್ಲ. ಆ ಗನ್ ಈಗಲೂ ನಮ್ಮ ಬೀರುವಿನ ಮೇಲಿದೆ. ಹೆಂಡತಿ ಅದರ ಮೇಲೆ ಬಟ್ಟೆ ಒಣಗಿಸ್ತಾಳೆ.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಗನ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಗಾಳಿಯದು: ಪಂಪ್ ಹೊಡೆದು ಒಳಗೆ ಗಾಳಿ ತುಂಬಿಸಿ, ಈಟಿಯನ್ನ ಬಾಯಿಂದ ಹಿಂದಕ್ಕೆ ಒತ್ತಿ ಸಿಕ್ಕಿಸೋದು. ಇನ್ನೊಂದು ರಬ್ಬರಿಂದು, ನಮ್ಮ ಕವಣೆಯ ದೊಡ್ಡಣ್ಣ. ಗಾಳಿ ಗನ್ ಗಿಡ್ಡ ಇದ್ದರೂ ಪೆಟ್ಟು ಜೋರು, ಕಲ್ಲಿನ ಸಂದಿಗೆ, ಕದಡಿದ ನೀರಿಗೆ ಒಳ್ಳೇದು. ಆದರೆ ಸೀಲ್ ಹೋದರೆ ಬಿಚ್ಚಿ ಕೂರಿಸೋ ಕೈ ಬೇಕು. ರಬ್ಬರ್ ಗನ್‌ನಲ್ಲಿ ಹಾಳಾಗೋದು ರಬ್ಬರ್ ಮತ್ತು ದಾರ, ಎರಡನ್ನೂ ರೂಮಲ್ಲೇ ಕೂತು ಬದಲಾಯಿಸಬಹುದು. ಸದ್ದು ಕಮ್ಮಿ, ಗುರಿಯೂ ಸುಲಭ. ಇಟಲಿಯ ಕ್ರೆಸ್ಸಿ, ಮಾರೆಸ್, ಫ್ರಾನ್ಸಿನ ಬ್ಯೂಶಾ, ದಕ್ಷಿಣ ಆಫ್ರಿಕಾದ ರಾಬ್ ಅಲೆನ್ ಎಲ್ಲ ಹೆಸರುವಾಸಿ ಕಂಪನಿಗಳೇ. ಹೊಸಬನಿಗೆ ಕಂಪನಿಗಿಂತ ಮುಖ್ಯ, ಅದರ ರಬ್ಬರ್ ಮತ್ತು ಈಟಿ ಇಲ್ಲೇ ದೋಹಾದಲ್ಲಿ ಸಿಗುತ್ತಾ ಅನ್ನೋದು.

ಇನ್ನು ಉದ್ದ. ಎಲ್ಲರೂ ಮೋಸ ಹೋಗೋದು ಇಲ್ಲೇ. ಉದ್ದ ಇದ್ದಷ್ಟು ದೊಡ್ಡ ಮೀನು ಅಂತ ಲೆಕ್ಕ. ನಮ್ಮ ಸುತ್ತಲಿನ ಈ ಕೊಲ್ಲಿ ಆಳ ಇಲ್ಲದ ಸಮುದ್ರ, ಸರಾಸರಿ ಆಳವೇ ಸುಮಾರು 35 ಮೀಟರ್. ತಳ ಮರಳು. ಶಮಾಲ್ ಗಾಳಿ ಎರಡು ದಿನ ಬೀಸಿದರೆ ನೀರು ಗಂಜಿ. ನಾಲ್ಕು ಮೀಟರ್ ಆಚೆ ಕಾಣದೇ ಇದ್ದಾಗ ದೂರ ಹೊಡೆಯೋ ಗನ್ ಇಟ್ಕೊಂಡು ಏನು ಮಾಡ್ತೀರಿ? ನೂರಾ ಹತ್ತರದ್ದು ತಿಳಿ ನೀರಿಗೆ, ಬಯಲಲ್ಲಿ ಓಡೋ ಮೀನಿಗೆ. ಇಲ್ಲಿನ ಬಂಡೆ ಸಾಲಿಗೆ 75 ಅಥವಾ 90 ಸಾಕು. ಇನ್ನೊಂದು ವಿಷಯ, ಗನ್ ಉದ್ದ ಆದಷ್ಟೂ ಕುಂಡೆಯನ್ನ ಎದೆಗೋ ಸೊಂಟಕ್ಕೋ ಒತ್ತಿ, ಎರಡೂ ಕೈಯಲ್ಲಿ ರಬ್ಬರ್ ಎಳೆಯೋದು ಕಷ್ಟ. ಅದನ್ನ ನೀರಲ್ಲಿ ತೇಲಿಕೊಂಡೇ ಮಾಡಬೇಕು. ಅಂಗಡಿ ನೆಲದಲ್ಲಿ ನಿಂತು ಎಳೆದದ್ದು ಲೆಕ್ಕಕ್ಕಿಲ್ಲ.

ಈಟಿ ಆರೂವರೆ ಮಿಲಿಮೀಟರ್ ದಪ್ಪ ಇದ್ದರೆ ಶುರುವಿಗೆ ಆಯ್ತು. ರೀಲ್ ಈಗ ಬೇಡ, ಗನ್ನಿಂದ ಮೇಲಿನ ಬುರುಡೆಗೆ, ಅಂದ್ರೆ ಫ್ಲೋಟ್‌ಗೆ, ಒಂದು ಹಗ್ಗ ಸಾಕು. ರಬ್ಬರನ್ನ ಜುಲೈ ತಿಂಗಳ ಕಾರ್ ಡಿಕ್ಕಿಯಲ್ಲಿ ಬಿಟ್ಟರೆ ಹಪ್ಪಳ ಆಗುತ್ತೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಇಡಿ.

ಈಗ ಅವನ ಪಟ್ಟಿ ಹೇಳ್ತೀನಿ. ಒಂದು ಬಿಳಿ ಹಾಳೆ ಕೊಟ್ಟು ಬರೆಯೋ ಮಾರಾಯ ಅಂದೆ. ಗನ್ 900 ರಿಯಾಲ್ ಅಂತ ಬರೆದು ಪೆನ್ ಇಟ್ಟ. ಮಾಸ್ಕ್? ಈಜೋ ಗಾಗಲ್ಸ್ ಇದೆ ಅಂದ. ಅದು ಆಗಲ್ಲ, ಮೂಗು ಒಳಗಿರೋ ಮಾಸ್ಕೇ ಬೇಕು. ಕೆಳಗೆ ಹೋದ ಹಾಗೆ ಮೂಗಿಂದ ಸ್ವಲ್ಪ ಗಾಳಿ ಬಿಡದಿದ್ದರೆ ಅದು ಕಣ್ಣನ್ನೇ ಹೀರುತ್ತೆ. ಫಿನ್ಸ್, ಸ್ನಾರ್ಕೆಲ್, ಸೀಸದ ಬೆಲ್ಟ್, ಚಾಕು, ಗ್ಲೌಸ್, ಬಾವುಟ ಇರೋ ಫ್ಲೋಟ್, ಹಗ್ಗ, ಚಳಿಗಾಲಕ್ಕೆ ವೆಟ್‌ಸೂಟ್. ಅದರ ಮೇಲೆ ಒಂದು ಫ್ರೀಡೈವಿಂಗ್ ಕೋರ್ಸ್. ಕೂಡಿಸಿದಾಗ ಗನ್ ಬೆಲೆಯ ಮೂರು ಪಟ್ಟು ದಾಟಿತು. ಹುಡುಗ ಸುಮ್ಮನಾದ. ತಂಗಿ ಮದುವೆಯ ಸೊಸೈಟಿ ಸಾಲ ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ ಅಂತ ಆಮೇಲೆ ಹೇಳಿದ.

ಪಟ್ಟಿಯಲ್ಲಿ ಏನಾದ್ರೂ ಕಡಿಮೆ ಮಾಡೋಣ ಅಂದ. ಮಾಡು, ಆದರೆ ಗನ್ನಲ್ಲಿ ಮಾಡು, ಕೋರ್ಸಲ್ಲಿ ಬೇಡ ಅಂದೆ. ಅವನಿಗೆ ಸಿಟ್ಟು ಬಂತು. "ನಾನು ಶರಾವತಿ ದಾಟಿದವನು ಅಣ್ಣಾ, ನಂಗೆ ಈಜು ಕಲಿಸ್ತಾರಾ?"

ಇದು ಈಜಿನ ವಿಷಯ ಅಲ್ಲ. ನಾನೂ ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ ಬಿದ್ದು ಎದ್ದು ಕಲಿತವನೇ. ನೀರಿಗೆ ಮುಳುಗೋ ಮುಂಚೆ ನಾವು ಜೋರು ಜೋರಾಗಿ ಹತ್ತು ಸಲ ಉಸಿರು ಎಳೆದು ಬಿಡ್ತೀವಲ್ಲ, ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಕಾರ್ಬನ್ ಡೈಆಕ್ಸೈಡ್ ಖಾಲಿಯಾಗುತ್ತೆ. "ಉಸಿರು ಬೇಕು" ಅಂತ ದೇಹ ಕೂಗೋದು ಆ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಅದೇ ಕಡಿಮೆ ಇದ್ದರೆ ಗಂಟೆ ಹೊಡೆಯೋದು ತಡ. ಒಳಗೆ ಆಮ್ಲಜನಕ ಮುಗೀತಾ ಬಂದಿದ್ರೂ ಮನುಷ್ಯ ಆರಾಮಾಗಿ ಮೀನಿನ ಹಿಂದೆ ಹೋಗ್ತಾ ಇರ್ತಾನೆ. ಮೇಲೆ ಬರುವಾಗ ನೀರಿನ ಒತ್ತಡ ಇಳಿದ ಹಾಗೆ ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿದು, ಕೊನೆಯ ಎರಡು ಮೂರು ಮೀಟರಲ್ಲಿ ಕರೆಂಟ್ ಹೋದ ಹಾಗೆ ಪ್ರಜ್ಞೆ ಹೋಗುತ್ತೆ. ನೋವಿಲ್ಲ, ಕೂಗಿಲ್ಲ. ಪಕ್ಕದಲ್ಲಿ ಒಬ್ಬ ಇದ್ದು ತಕ್ಷಣ ತಲೆ ಎತ್ತಿ ಹಿಡಿದರೆ ಬದುಕುತ್ತಾನೆ. ಒಬ್ಬನೇ ಇದ್ದರೆ ಕಥೆ ಮುಗೀತು. ಚೆನ್ನಾಗಿ ಈಜೋರೇ ಹೀಗೆ ಹೋಗೋದು, ಈಜು ಬರದವನು ಅಷ್ಟು ಕೆಳಗೆ ಹೋಗೋದೇ ಇಲ್ಲವಲ್ಲ.

ಅದಕ್ಕೇ ನಿಯಮ: ಒಬ್ಬ ಕೆಳಗೆ, ಒಬ್ಬ ಮೇಲೆ. ಇಬ್ಬರೂ ಒಟ್ಟಿಗೆ ಮುಳುಗೋ ಹಾಗಿಲ್ಲ. ಇದೇನು ಹೊಸದಲ್ಲ. ಈ ದೇಶದವರು ಎಣ್ಣೆ ಸಿಗೋ ಮುಂಚೆ ಮುತ್ತು ತೆಗೀತಿದ್ದಾಗ ಮುಳುಗೋ "ಘೈಸ್"ಗೆ ದೋಣಿ ಮೇಲೆ ಹಗ್ಗ ಹಿಡಿಯೋ "ಸೈಬ್" ಒಬ್ಬ ಇರ್ತಿದ್ದ. ಕೆಳಗಿಂದ ಹಗ್ಗ ಎಳೆದ ತಕ್ಷಣ ಇವನು ಮೇಲಕ್ಕೆ ಎಳೀಬೇಕು. ಆ ಮುಳುಗುಗಾರರು ನಖೋದನ ಹತ್ತಿರ ಮುಂಗಡ ತಗೊಂಡು, ಸೀಸನ್ ಮುಗಿದರೂ ತೀರಿಸಲಾಗದೆ ಮುಂದಿನ ವರ್ಷವೂ ಅದೇ ಸಾಲಕ್ಕೆ ಮುಳುಗ್ತಿದ್ರು. ಆ ಲೆಕ್ಕದ ಪುಸ್ತಕ ಒಂದು ಸಲ ನೋಡಬೇಕು ಅಂತ ನನಗೆ ಆಸೆ, ಅದು ಬೇರೆ ಮಾತು.

ಗನ್ ಬಗ್ಗೆ ಇನ್ನೆರಡು ಮಾತು. ದಡದಲ್ಲಾಗಲಿ ದೋಣಿಯಲ್ಲಾಗಲಿ ಲೋಡ್ ಮಾಡಬೇಡಿ, ನೀರಿಗಿಳಿದ ಮೇಲೇ ಮಾಡಿ, ಮೇಲೆ ಬರೋ ಮುಂಚೆ ಬಿಚ್ಚಿ. ಸೇಫ್ಟಿ ಕೀ ಇದೆ ಅಂತ ನಂಬಿ ಗೆಳೆಯನ ಕಡೆ ತಿರುಗಿಸಬೇಡಿ. ಮಾಸ್ಕ್ ಒಳಗಿಂದ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ, ಹತ್ತಿರ ಇರೋ ಹಾಗೆ ಕಾಣುತ್ತೆ. ಹೊಸಬ ಹೊಡೆದದ್ದು ಮುಟ್ಟದೇ ಇರೋದಕ್ಕೂ, ಹಿಡಿದ ಮೀನು ದೋಣಿಗೆ ಬಂದಾಗ ಚಿಕ್ಕದಾಗೋದಕ್ಕೂ ಇದೇ ಕಾರಣ!

ಮೀನಿನ ವಿಷಯಕ್ಕೆ ಬಂದರೆ, ಎಲ್ಲರ ಕಣ್ಣು ಹಮೂರ್ ಮೇಲೆ. ನಮ್ಮ ಕಡೆಯ ಮುರು ಮೀನಿನ ಜಾತಿ. ಅದು ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗೋ ಮೀನು, ಹಾಗಾಗಿ ದೊಡ್ಡದನ್ನೇ ಆರಿಸಿ ಹೊಡೆದರೆ ಗಂಡುಗಳೇ ಖಾಲಿ. ಕನಾದ್, ಅಂದ್ರೆ ನಮ್ಮ ಅಂಜಲ್, ಬಲೆ ಹಾಕಿ ಹಿಡಿಯೋದಕ್ಕೆ ಪ್ರತಿ ವರ್ಷ ಆಗಸ್ಟ್ 15ರಿಂದ ಅಕ್ಟೋಬರ್ 15ರ ತನಕ ನಿಷೇಧ ಇದೆ, ನಮ್ಮೂರಲ್ಲಿ ಜೂನ್ ಜುಲೈ ಬಂದ್ ಇರೋ ಹಾಗೆ. ಆಮೆ, ಕಡಲಹಸುವಿನ ಹತ್ತಿರ ಸುಳಿಯಲೇಬೇಡಿ.

ಕಾಗದಪತ್ರ ಕೊನೆಗೆ ಬರೆದೆ, ಆದರೆ ಮಾಡೋದು ಮೊದಲು. ಇಲ್ಲಿ ಜಲಚರ ಸಂಪತ್ತಿನ ರಕ್ಷಣೆಗೆ 1983ರ 4ನೇ ನಂಬರ್ ಕಾನೂನು ಇದೆ, ಮೀನುಗಾರಿಕೆ ನೋಡಿಕೊಳ್ಳೋದು ಮುನಿಸಿಪಾಲಿಟಿ ಮಂತ್ರಾಲಯ. ಯಾವ ಗನ್, ಯಾವ ಜಾಗ, ಯಾವ ತಿಂಗಳು, ಪರವಾನಗಿ ಏನು ಅಂತ ಕ್ಯೂಐಡಿ ಹಿಡ್ಕೊಂಡು ಅಲ್ಲೇ ಹೋಗಿ ಕೇಳಿ. "ಏನೂ ಬೇಕಾಗಿಲ್ಲ ಭಾಯ್" ಅಂತ ಅಂಗಡಿಯವನು ಹೇಳಿದ್ದು ಕೋಸ್ಟ್‌ಗಾರ್ಡ್ ಮುಂದೆ ನಡೆಯಲ್ಲ. ಗನ್ ವಶವಾದರೆ ದುಡ್ಡು ಹೋಯ್ತು, ಕೇಸಾದರೆ ನೌಕರಿ. ಊರಿಗೆ ಹೋಗುವಾಗ ಕೈಚೀಲದಲ್ಲಿ ಅದನ್ನ ಹಾಕ್ಕೊಂಡು ಏರ್‌ಪೋರ್ಟಿಗೂ ಹೋಗಬೇಡಿ.

ಹುಡುಗ ಕಂತಿನ ಗನ್ ಬಿಟ್ಟ. ಈ ತಿಂಗಳು ಮಾಸ್ಕ್, ಸ್ನಾರ್ಕೆಲ್, ಫಿನ್ಸ್ ಮಾತ್ರ ತಗೊಂಡಿದ್ದಾನೆ, ನಗದು ಕೊಟ್ಟು. ಕೋರ್ಸಿಗೆ ಜೊತೆ ಬೇಕು ಅಂತ ಅವನ ರೂಮಿನ ಕಾರವಾರದವನನ್ನೂ ಎಳೆದಿದ್ದಾನೆ. ಹೋದ ಶುಕ್ರವಾರ ಇಬ್ಬರೂ ವಕ್ರಾ ಕಡೆ ಸೊಂಟದ ನೀರಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡ್ತಿದ್ರು. ನಾನು ದಡದಲ್ಲಿ ಕೂತು ಇಬ್ಬರ ಚಪ್ಪಲಿ, ಮೊಬೈಲ್, ಕ್ಯೂಐಡಿ ಕಾಯ್ತಿದ್ದೆ. ಇವರಿಗೆ 75ರದ್ದು ಸಾಕಾ, 90ರದ್ದು ಬೇಕಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಉಪಯೋಗಿಸಿದ ಅನುಭವ ಇರೋರು ಬುಲೆಟಿನ್‌ಗೆ ಬರೆದು ಕಳಿಸಿ. ಮತ್ತೆ, ಆ ಗಾಳಿ ಗನ್ ರಿಪೇರಿ ಮಾಡೋರು ಯಾರಾದ್ರೂ ಇದ್ದರೆ ನನಗೂ ಹೇಳಿ.