ಹಳೇ ಮನೆಗೆ ಅಳೋದು ಸುಲಭ

ಮೊನ್ನೆ ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಗೆ ಹೋಗಿದ್ದೆ. ಕನ್ನಡ ಸಾಹಿತ್ಯ ಪರಿಷತ್ತಿನ ಹತ್ತಿರ ಗಾಡಿ ನಿಲ್ಲಿಸಿ, ಸುಮ್ಮನೆ ಮೇನು, ಕ್ರಾಸು ಅಂತ ಸುತ್ತಿದೆ.

ಮಲ್ಲೇಶ್ವರ, ಬಸವನಗುಡಿಗಳ ಬಗ್ಗೆ ನಾವೆಲ್ಲ ಎಷ್ಟೊಂದು ಬರೀತೀವಿ. ಆದರೆ 1898ರ ಪ್ಲೇಗಿಗೂ ಮೊದಲೇ, 1892ರಲ್ಲಿ, ಹಳೇ ಪೇಟೆಯ ಪಕ್ಕದಲ್ಲೇ ನಕ್ಷೆ ಹಾಕಿ ಕಟ್ಟಿದ ಬಡಾವಣೆ ಇದು. ಹೆಸರು ಚಾಮರಾಜೇಂದ್ರ ಒಡೆಯರದ್ದು. ಚಿಕ್ಕಪೇಟೆಯ ಅಂಕುಡೊಂಕು ಗಲ್ಲಿಗಳಿಂದ ಬಂದರೆ ಇಲ್ಲಿನ ನೆಟ್ಟಗಿನ ರಸ್ತೆಗಳು ಈಗಲೂ ಬೇರೆ ಊರಿನ ಹಾಗೇ ಕಾಣ್ತವೆ.

ಜಗಲಿ, ಮಂಗಳೂರು ಹೆಂಚು, ಮರದ ಕಂಬ ಇರೋ ಮನೆ ಎಲ್ಲೋ ಒಂದೊಂದು ಉಳಿದಿದೆ. ಅಂಥದ್ದೊಂದರ ಮುಂದೆ ನಿಂತು ಫೋಟೋ ತೆಗೀತಿದ್ದೆ. ಜಗಲಿ ಮೇಲೆ ಪೇಪರ್ ಓದ್ತಿದ್ದ ಯಜಮಾನರು ತಲೆ ಎತ್ತಿ ಕೇಳಿದರು: "ಫೋಟೋ ತೆಗೀರಿ ಪರವಾಗಿಲ್ಲ. ಮಳೆಗಾಲದಲ್ಲಿ ಹೆಂಚು ಬದಲಾಯಿಸೋಕೂ ಬರ್ತೀರಾ?"

ಉತ್ತರ ಹೊಳೀಲಿಲ್ಲ. ಯಾಕಂದ್ರೆ ಇದೇ ಪೇಟೆಯಲ್ಲಿದ್ದ ನಮ್ಮ ಅಜ್ಜಿ ಮನೆಯನ್ನು ಮಾರಿದಾಗ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಐದು ಪಾಲು, ಸೋರುವ ಸೂರು, ಬೆಂಗಳೂರಿನಲ್ಲೇ ಇಲ್ಲದ ಇಬ್ಬರು ಮಾವಂದಿರು. ಇನ್ನೇನು ಮಾಡೋದಿತ್ತು? ಈಗ ಅಲ್ಲಿ ನಾಲ್ಕು ಮಹಡಿ ಕಟ್ಟಡ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕೇಳಿ ಬಂದು, ಅಜ್ಜಿ ಕೊಟ್ಟ ಪಾನಕ ಕುಡೀತಿದ್ದ ಜಗಲಿ ಇದ್ದ ಕಡೆ ಷಟರ್ ಬಂದಿದೆ.

ಹಾಗಾಗಿ "ಅಯ್ಯೋ, ಮಾರಿಬಿಟ್ರಲ್ಲ" ಅಂತ ಮನೆಯವರನ್ನು ಬೈಯೋ ಬರಹಗಳನ್ನು ಓದಿದರೆ ನನಗೆ ಸಿಟ್ಟು ಬರುತ್ತೆ. ಊರಿಗೆಲ್ಲ ಸೇರಿದ ನೆನಪಿನ ಖರ್ಚನ್ನು ಒಂದೇ ಮನೆಯವರ ತಲೆಗೆ ಕಟ್ಟೋದು ಯಾವ ನ್ಯಾಯ? ಮುಂಬಯಿಯಲ್ಲಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿದಾಗ, ಮನೆ ಕೆಡವದೆ ಉಳಿಸಿಕೊಂಡವರು ತಾವು ಕಟ್ಟದೇ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳೋ ದಾರಿಯನ್ನೂ ಇಟ್ಟರು. ಅದೂ ಪೂರ್ತಿ ಮದ್ದಲ್ಲ, ಒಪ್ತೀನಿ. ಆದರೆ "ಉಳಿಸಿ" ಅನ್ನೋ ಮಾತಿನ ಜೊತೆ ದುಡ್ಡಿನ ಮಾತನ್ನೂ ಆಡಿದ್ದಾರಲ್ಲ, ಅದು ಮುಖ್ಯ. ನಮ್ಮಲ್ಲೂ ಸಣ್ಣ ಮನೆಗಳವರಿಗೆ ಕೈಗೆಟುಕೋ ಹಾಗೆ ಅಂಥದ್ದೇನಾದರೂ ಆಗಬೇಕು. ತೆರಿಗೆ ವಿನಾಯಿತಿಯೋ, ರಿಪೇರಿಗೆ ಸಾಲವೋ, ಏನಾದರೂ ಸರಿ.

ಯಜಮಾನರು ಕೊನೆಗೆ ಕಾಫಿ ಕೊಟ್ಟೇ ಕಳಿಸಿದರು. ಫೋಟೋ ಇಲ್ಲಿ ಹಾಕ್ತಿಲ್ಲ, ಅವರನ್ನು ಕೇಳೋದು ಮರೆತೆ :)

ನಿಮ್ಮೂರಿನ ಹಳೇ ಮನೆಗಳ ಕಥೆ ಏನು? ಬರೀರಿ. ಮಾರಿದವರೂ ಬರೀರಿ.