ಕೀಲಿಗೆ ಎಣ್ಣೆ



ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ಕನ್ನಡದ ಶಿಕ್ಷಕರಾದ ನಾವು ನಾಡುನುಡಿಯನ್ನೋ ಕಾವ್ಯವನ್ನೋ ಕುರಿತು ಬರೆಯುವೆವೆಂದು ಸಂಪಾದಕ ಮಂಡಳಿಯವರು ಎಣಿಸಿರಬೇಕು. ಮೋಟಾರ್ ಸೈಕಲಿನ ಸರಪಳಿಗೂ ಬ್ರೇಕಿನ ಹಿಡಿಗೂ ಎಣ್ಣೆ ಹಾಕುವುದನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ವಿನೋದವಾಗಿ ಕಂಡೀತು. ಆದರೆ ಇದು ವಿನೋದದ ಮಾತಲ್ಲ. ನಿಮ್ಮಲ್ಲಿ ಅನೇಕರ ತಂದೆಯವರು ಡೊಂಬಿವಲಿ, ಕಲ್ಯಾಣಗಳಿಂದ ಮಹಾಪೆ, ತುರ್ಭೆ, ತಳೋಜಾಗಳ ಕಾರ್ಖಾನೆಗಳಿಗೆ ದಿನವೂ ಹೋಗಿಬರುವವರು. ಮಹಾಪೆ, ತುರ್ಭೆಗಳಿಗೆ ರೈಲಿನಲ್ಲಿ ಹೋಗುವುದಾದರೆ ಠಾಣೆಯನ್ನು ಸುತ್ತಿ ಹೋಗಬೇಕು. ಆದುದರಿಂದ ಶಿಳ್‌ಫಾಟಾ ಮಾರ್ಗವಾಗಿ ಮೋಟಾರ್ ಸೈಕಲನ್ನೇ ನೆಚ್ಚಿದ್ದಾರೆ. ಮಳೆಗಾಲದ ರಾತ್ರಿ ಅವರು ಕ್ಷೇಮವಾಗಿ ಮನೆಗೆ ಮರಳುವುದು ಒಂದು ಹನಿ ಎಣ್ಣೆಯನ್ನೂ ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಲ್ಲ.

ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ಕಳೆದ ವರ್ಷದ ಜುಲೈ ತಿಂಗಳಲ್ಲಿ ಕಲ್ಯಾಣ–ಶಿಳ್ ರಸ್ತೆಯ ಕಾಟಯಿ ನಾಕಾದ ಸಮೀಪ, ನಮ್ಮ ಮುಂದೆ ಹೋಗುತ್ತಿದ್ದ ರಿಕ್ಷಾ ಒಮ್ಮೆಲೇ ನಿಂತಿತು. ಮುಂಗೈ ಬ್ರೇಕನ್ನು ಒತ್ತಿದೆವು. ಹಿಡಿ ಬಿಗಿದುಕೊಂಡಿದ್ದುದರಿಂದ ಬಲವಾಗಿ ಒತ್ತಬೇಕಾಯಿತು; ಒತ್ತಿದ ಹಿಡಿ ಮರಳಿ ಬಾರದೆ ಅಲ್ಲಿಯೇ ನಿಂತಿತು. ಮುಂದಿನ ಗಾಲಿ ಜಾರಿ ನಾವು ಕೆಳಗೆ ಬಿದ್ದೆವು. ಹಿಂದೆ ಬರುತ್ತಿದ್ದ ಲಾರಿಯ ಚಾಲಕನು ಎಚ್ಚರದಿಂದಿದ್ದುದರಿಂದ ಮೊಣಕಾಲಿನ ಗಾಯದಲ್ಲಿಯೇ ಎಲ್ಲವೂ ಮುಗಿಯಿತು. ರಸ್ತೆಯ ಬದಿಯ ಮೆಕ್ಯಾನಿಕನು ಹಿಡಿಯ ತಿರುಗಣಿಯ ಬೋಲ್ಟನ್ನು ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಕಡಲೆಕಾಳಿನಷ್ಟು ಗ್ರೀಸನ್ನು ಸವರಿದನು. ಹತ್ತು ನಿಮಿಷದ ಕೆಲಸ. “ಮಾಸ್ತರರೇ, ಇದು ಒಂದು ವರ್ಷದಿಂದ ಎಣ್ಣೆಯ ಮುಖ ಕಂಡಿಲ್ಲ” ಎಂದು ಮರಾಠಿಯಲ್ಲಿ ಹೇಳಿದನು. ನಮಗೆ ಗಾಯಕ್ಕಿಂತಲೂ ಆ ಮಾತೇ ಹೆಚ್ಚು ನೋಯಿಸಿತು. ಏಕೆಂದರೆ ಊರಿನಲ್ಲಿ ನಮ್ಮ ಅಜ್ಜನವರು ಚಕ್ಕಡಿ ಹೂಡುವ ಮೊದಲು ಕೀಲೆಣ್ಣೆ ಹಾಕದೆ ಎಂದೂ ಹೊರಟವರಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಚಕ್ಕಡಿಗೇ ಕಟ್ಟಿರುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮೊಮ್ಮಗನಾದ ನಮಗೆ ವಿದ್ಯೆ ಬಂದಿತ್ತು, ಆ ವಿವೇಕ ಮಾತ್ರ ಕೈಬಿಟ್ಟಿತ್ತು.

ಸರಪಳಿಯ ರಚನೆಯನ್ನು ತುಸು ನೋಡೋಣ. ಇಂದು ನಾವು ಬಳಸುವ ಉರುಳೆ ಸರಪಳಿಗೆ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಹ್ಯಾನ್ಸ್ ರೆನಾಲ್ಡ್ ಎಂಬಾತನು ಹಕ್ಕುಪತ್ರ ಪಡೆದನು. ಅದರ ಒಂದೊಂದು ಕೊಂಡಿಯಲ್ಲಿಯೂ ಒಂದು ಮೊಳೆ, ಅದರ ಸುತ್ತ ಒಂದು ಕೊಳವೆ, ಕೊಳವೆಯ ಮೇಲೆ ತಿರುಗುವ ಉರುಳೆ ಇರುತ್ತವೆ. ಇಂತಹ ಸುಮಾರು ನೂರು ಕೊಂಡಿಗಳು ಸೇರಿ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುತ್ತವೆ. ಮಳೆ ಆ ಎಣ್ಣೆಯನ್ನು ತೊಳೆಯುತ್ತದೆ. ರಸ್ತೆಯ ಕೆಸರೂ ಸಿಮೆಂಟಿನ ಹುಡಿಯೂ ಒಳಹೊಕ್ಕು ಸಾಣೆಕಲ್ಲಿನಂತೆ ಮೊಳೆಗಳನ್ನು ಸವೆಸುತ್ತವೆ. ಸವೆದ ಸರಪಳಿ ಉದ್ದವಾಗಿ ಜೋಲುತ್ತದೆ; ಜೋತ ಸರಪಳಿ ಹಲ್ಲುಚಕ್ರದಿಂದ ಕಳಚಿ ಗಾಲಿಯನ್ನೇ ಬಿಗಿಹಿಡಿಯಬಹುದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸಿದ ಜಾವಾ ವಾಹನಗಳ ಸರಪಳಿಗೆ ಸುತ್ತಲೂ ಕಬ್ಬಿಣದ ಮುಚ್ಚಿಗೆ ಇರುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದಿನ ಅನೇಕ ವಾಹನಗಳಲ್ಲಿ ಸರಪಳಿ ಅರೆತೆರೆದೇ ಇರುತ್ತದೆ; ಆದುದರಿಂದ ಆರೈಕೆ ಇನ್ನೂ ಹೆಚ್ಚು ಬೇಕು.

ಕೆಲಸದ ಕ್ರಮ ಹೀಗಿದೆ. ಮನೆಯ ಹಿರಿಯರೊಬ್ಬರು ಜೊತೆಗಿರಲಿ. ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಕೀಲಿಕೈಯನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿರಿ. ಎಂಜಿನ್ ನಡೆಯುತ್ತಿರುವಾಗ ಸರಪಳಿಯ ಹತ್ತಿರ ಕೈಯನ್ನು ಒಯ್ಯಲೇಕೂಡದು. ಬೆರಳು ಹಲ್ಲುಚಕ್ರಕ್ಕೆ ಸಿಕ್ಕಿದರೆ ತುಂಡಾಗುತ್ತದೆ. ಸೀಮೆಎಣ್ಣೆ ಅಥವಾ ಸರಪಳಿ ತೊಳೆಯಲೆಂದೇ ಮಾರುವ ದ್ರವದಲ್ಲಿ ಹಳೆಯ ಬ್ರಷ್ಷನ್ನು ಅದ್ದಿ ಕೊಳೆಯನ್ನು ತಿಕ್ಕಿರಿ. ಪೆಟ್ರೋಲು ಬೇಡ, ಅದು ಬೆಂಕಿಗೆ ಹತ್ತಿರ, ಕೆಲವು ಸರಪಳಿಗಳ ಕೊಂಡಿಗಳಲ್ಲಿರುವ ರಬ್ಬರಿನ ಬಳೆಗಳನ್ನೂ ಕೆಡಿಸುತ್ತದೆ. ಚಿಂದಿಯಿಂದ ಒರೆಸಿ ಒಣಗಿಸಿದ ಮೇಲೆ, ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಕೆಳಸಾಲಿನ ಒಳಮಗ್ಗುಲಿಗೆ 90ರ ಗೇರ್ ಎಣ್ಣೆಯನ್ನು ಹನಿಹನಿಯಾಗಿ ಬಿಡಿರಿ. ಗಾಲಿ ತಿರುಗುವಾಗ ಅದು ತಾನಾಗಿ ಹೊರಮಗ್ಗುಲಿಗೆ ಹಬ್ಬುತ್ತದೆ. ಅರ್ಧ ಗಂಟೆಯ ತರುವಾಯ ಮಿಕ್ಕದ್ದನ್ನು ಒರೆಸಿರಿ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಇದನ್ನು ಮಾಡತಕ್ಕದ್ದು. ಸರಪಳಿಯ ಸಡಿಲಿಕೆ ಎಷ್ಟಿರಬೇಕೆಂಬುದಕ್ಕೆ ವಾಹನದ ಕೈಪಿಡಿಯೇ ಪ್ರಮಾಣ.

ಬ್ರೇಕಿನ ಹಿಡಿ ತಿರುಗುವ ಬೋಲ್ಟಿಗೂ ಕಾಲುಬ್ರೇಕಿನ ಕೀಲಿಗೂ ತುಸುವೇ ಗ್ರೀಸು ಸಾಕು. ಆದರೆ ಒಂದು ಮಾತನ್ನು ಮರೆಯಬೇಡಿರಿ: ಬ್ರೇಕಿನ ಡ್ರಮ್ಮಿಗಾಗಲಿ ತಟ್ಟೆಗಾಗಲಿ ಟಾಯರಿಗಾಗಲಿ ಎಣ್ಣೆ ಸೋಕಕೂಡದು. ಕೀಲಿಗೆ ಜಾರುವ ಗುಣ ಬೇಕು, ಬ್ರೇಕಿಗೆ ಹಿಡಿಯುವ ಗುಣ ಬೇಕು. ಒಂದೇ ಎಣ್ಣೆ ಒಂದು ಕಡೆ ಜೀವ ಉಳಿಸುತ್ತದೆ, ಒಂದು ಗೇಣಿನ ಆಚೆ ಜೀವ ತೆಗೆಯುತ್ತದೆ. ಕೊಳೆಯಾದ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಒಪ್ಪಿಸಿರಿ. ನಮ್ಮ ಗಟಾರಗಳ ನೀರು ಕಡೆಗೆ ಸೇರುವುದು ಉಲ್ಲಾಸ ನದಿಯ ಖಾರಿಯನ್ನೇ.

ಗ್ಯಾರೇಜು ಇರುವಾಗ ಓದುವ ಮಕ್ಕಳಿಗೆ ಈ ಕೆಲಸವೇಕೆಂದು ಪಾಲಕರು ಕೇಳಬಹುದು. ಗ್ಯಾರೇಜಿಗೆ ವಾಹನ ಹೋಗುವುದು ಕೆಲವು ತಿಂಗಳಿಗೊಮ್ಮೆ. ಮಳೆ ಅಷ್ಟು ದಿನ ಕಾಯುವುದಿಲ್ಲ. ಕೈಗೆ ಮಸಿ ಹತ್ತಿದರೆ ಗೌರವ ಕುಂದುವುದೆಂಬ ಭಾವನೆಯಂತೂ ನಮ್ಮ ಶಿಕ್ಷಣದ ದೊಡ್ಡ ದೋಷ. 1937ರಲ್ಲಿ ಇದೇ ಮಹಾರಾಷ್ಟ್ರದ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸವನ್ನೇ ವಿದ್ಯೆಯ ನಡುವೆ ಇರಿಸಿದ ಶಿಕ್ಷಣ ಪದ್ಧತಿಯನ್ನು ಮುಂದಿಟ್ಟರು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವು ವರ್ಷವರ್ಷವೂ ನಿಬಂಧದಲ್ಲಿ ಬರೆಯಿಸುತ್ತೇವೆ. ಕೈಗೆ ಕೆಸರು ಹತ್ತದಂತೆಯೂ ನೋಡಿಕೊಳ್ಳುತ್ತೇವೆ!

ಆದುದರಿಂದ ನಮ್ಮ ಸೂಚನೆ ಇಷ್ಟೇ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲನೆಯ ಶನಿವಾರ, ಎಂಟನೆಯ ತರಗತಿಯಿಂದ ಮೇಲಿನ ಹುಡುಗರಿಗೂ ಹುಡುಗಿಯರಿಗೂ ಒಂದು ಗಂಟೆ ಈ ಕೆಲಸವನ್ನು ಕನ್ನಡದಲ್ಲಿಯೇ ಕಲಿಸಬೇಕು. ಅದಕ್ಕೆ ನಮ್ಮ ವಾಹನವನ್ನೇ ಅಂಗಳಕ್ಕೆ ತರುತ್ತೇವೆ. ಅಲ್ಲಿಯವರೆಗೆ ಕಾಯದೆ, ಸೋಮವಾರ ಬೆಳಿಗ್ಗೆ ತಂದೆಯವರು ಹೊರಡುವ ಮುನ್ನ ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿ ಬಿಡಿರಿ. ಅದು ತಾನಾಗಿ ಮರಳಿ ಬಂದರೆ ಒಳ್ಳೆಯದು. ಬಾರದಿದ್ದರೆ, ಅಂದು ಅವರನ್ನು ಹಾಗೆಯೇ ಹೋಗಗೊಡಬೇಡಿರಿ.